ಕೊಟ್ಟದ್ದೆಷ್ಟು, ಇಟ್ಟುಕೊಂಡದ್ದೆಷ್ಟು?

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ತಾನು ರಚಿಸಿದ ತಂತ್ರಾಂಶಗಳ ಒಂದು ಗೊಂಚಲನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಉತ್ತರ ಹೇಳುವಾಗ ಪಕ್ಷಪಾತ ತೋರುತ್ತವೆಯೆ, ಯಾರದೋ ಖಾಸಗಿ ವಿವರವನ್ನು ಹೊರಗೆಡಹುತ್ತವೆಯೆ, ಇಲ್ಲದ್ದನ್ನು ಇದೆಯೆಂದು ಸಾಧಿಸುತ್ತವೆಯೆ ಎಂಬುದನ್ನು ಪರೀಕ್ಷಿಸಿ ತಡೆಯುವ ಸಾಧನಗಳು ಅದರಲ್ಲಿವೆ. ಅವುಗಳ ಆಕರ ಸಂಕೇತವನ್ನು ಯಾರಾದರೂ ಓದಬಹುದು, ತಿದ್ದಬಹುದು, ತಮ್ಮ ಉದ್ಯೋಗಕ್ಕೆ ಬಳಸಿಕೊಳ್ಳಬಹುದು. ಇದನ್ನು ಓಪನ್ ಸೋರ್ಸ್ ಎಂದು ಕರೆಯುವುದು ರೂಢಿ. ಕನ್ನಡದಲ್ಲಿ ಮುಕ್ತ ತಂತ್ರಾಂಶವೆಂಬ ಮಾತು ಬಳಕೆಗೆ ಬಂದಿದೆ. ಆದರೆ ಅದೇ ಸಂಸ್ಥೆಯ ಫಿನಾಕಲ್ ಎಂಬ ಬ್ಯಾಂಕಿಂಗ್ ತಂತ್ರಾಂಶವು ಬೀಗದೊಳಗೇ ಉಳಿದಿದೆ. ಅಂಚೆ ಇಲಾಖೆಯು 2012ರಲ್ಲಿ ತನ್ನ ಉಳಿತಾಯ ಖಾತೆಗಳ ಗಣಕೀಕರಣವನ್ನು ಈ ಸಂಸ್ಥೆಗೆ ವಹಿಸಿದ ಮೇಲೆ ಚಾಮರಾಜನಗರ, ಗುಂಡ್ಲುಪೇಟೆಗಳ ಅಂಚೆ ಕಚೇರಿಯ ಲೆಕ್ಕವೂ ಗಣಕವನ್ನೇರಿದ್ದು ಫಿನಾಕಲ್ ಮೂಲಕವೇ. ಹೀಗೆ ಒಂದೇ ಮನೆಯವರು ಒಂದು ಪೆಟ್ಟಿಗೆಯನ್ನು ತೆರೆದಿದ್ದಾರೆ, ಇನ್ನೊಂದನ್ನು ತೆರೆದಿಲ್ಲ. ತೆರೆದದ್ದಕ್ಕೆ ಏನೆಂದು ಹೆಸರಿಡಬೇಕು? ದಾನವೆನ್ನಬಹುದೆ, ವ್ಯಾಪಾರವೆನ್ನಬೇಕೆ? ತೆರೆಯದೆ ಇಟ್ಟುಕೊಂಡದ್ದಕ್ಕೆ ಅವರನ್ನು ಪ್ರಶ್ನಿಸುವ ಹಕ್ಕು ನಮಗಿದೆಯೆ?

ಇದು ಪಟ್ಟಣದ ತಂತ್ರಜ್ಞರ ಚರ್ಚೆ, ನಮಗೇನೆಂದು ವಾಚಕರು ಪುಟ ತಿರುವಬಾರದು. ಇನ್ಫೋಸಿಸ್‌ನ ಬೃಹತ್ ತರಬೇತಿ ಕೇಂದ್ರವಿರುವುದು ಮೈಸೂರಿನಲ್ಲಿ. ನಮ್ಮ ಎರಡು ತಾಲ್ಲೂಕುಗಳ ಮನೆಗಳಿಂದ ಓದಿ ಮೇಲೆ ಬಂದ ಎಷ್ಟೋ ಮಕ್ಕಳ ಕಣ್ಣು ಅತ್ತ ಇದೆ. ಅವರು ಬರೆಯಲಿರುವ ಸಂಕೇತದ ಒಡೆತನ ಯಾರದು, ಅದನ್ನು ಕೊಡುವ ಹಾಗೂ ತಡೆಯುವ ಅಧಿಕಾರ ಯಾರದು ಎಂಬುದು ನಮ್ಮ ಮನೆಯ ಪ್ರಶ್ನೆಯೂ ಹೌದು.

ಮೊದಲು ವಸ್ತುವನ್ನು ತಿಳಿಯೋಣ. ಗಣಕಕ್ಕೆ ಆಜ್ಞೆ ಕೊಡುವವನು ಮನುಷ್ಯರು ಓದಬಲ್ಲ ಒಂದು ಭಾಷೆಯಲ್ಲಿ ಬರೆಯುತ್ತಾನೆ. ಅದು ಆಕರ ಸಂಕೇತ. ಬಳಿಕ ಅದನ್ನು ಯಂತ್ರವಷ್ಟೇ ಗ್ರಹಿಸುವ ಅಂಕಿಗಳ ಸಾಲಾಗಿ ಪರಿವರ್ತಿಸಲಾಗುತ್ತದೆ. ಅಂಗಡಿಯಲ್ಲಿ ದೊರೆಯುವುದು ಈ ಎರಡನೆಯ ರೂಪ. ಪಂಡಿತರು ಕೊಟ್ಟ ಗುಳಿಗೆಯನ್ನು ನುಂಗಬಹುದು, ಗುಣವೂ ಆಗಬಹುದು, ಆದರೆ ಅದರಲ್ಲಿ ಏನೇನು ಅರೆದು ಸೇರಿಸಿದ್ದಾರೆಂಬುದು ರೋಗಿಗೆ ತಿಳಿಯದು. ತಂತ್ರಾಂಶದ ಗ್ರಾಹಕನ ಸ್ಥಿತಿಯೂ ಅಷ್ಟೆ. ಸುಮಾರು 1980ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ತಂತ್ರಜ್ಞನು ಪದೇ ಪದೇ ಕೆಡುತ್ತಿದ್ದ ಮುದ್ರಣಯಂತ್ರವೊಂದನ್ನು ಸರಿಪಡಿಸಲು ಅದರ ಆಕರ ಸಂಕೇತವನ್ನು ಕೇಳಿದನು. ಅದನ್ನು ಬಲ್ಲವರು, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂದು ನಿರಾಕರಿಸಿದರು. ಆ ನಿರಾಕರಣೆ ಆತನಿಗೆ ಬರಿಯ ಅನನುಕೂಲವಾಗಿ ತೋರಲಿಲ್ಲ, ಅನೀತಿಯಾಗಿ ತೋರಿತು. 1983ರಲ್ಲಿ ಆತ ಘೋಷಿಸಿದ ಗ್ನು ಯೋಜನೆ, 1989ರಲ್ಲಿ ಪ್ರಕಟಿಸಿದ ಪರವಾನಗಿ ಪತ್ರ ಇವೆರಡೂ ಆ ಭಾವನೆಯ ಫಲ. 1998ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ತನ್ನ ಜಾಲವೀಕ್ಷಕದ ಸಂಕೇತವನ್ನು ಬಹಿರಂಗಪಡಿಸಿದಾಗ ದೊಡ್ಡ ವ್ಯಾಪಾರಿ ಸಂಸ್ಥೆಗಳೂ ಈ ದಾರಿಯನ್ನು ಹಿಡಿದವು. ಓಪನ್ ಸೋರ್ಸ್ ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ. ಸ್ಟಾಲ್ಮನ್ನನಿಗೆ ಆ ಹೆಸರು ಹಿಡಿಸಲಿಲ್ಲ. ನೀತಿಯ ಮಾತನ್ನು ಮರೆಯಿಸಿ ಲಾಭದ ಮಾತನ್ನು ಮುಂದೆ ಮಾಡುವ ಹೆಸರು ಅದೆಂಬುದು ಅವನ ಆಕ್ಷೇಪ. ಆ ಆಕ್ಷೇಪದಲ್ಲಿ ಹುರುಳಿದೆಯೆಂದೇ ನನ್ನ ಎಣಿಕೆ.

ದಾನವೆಂದರೆ ತನ್ನದನ್ನು ಬಿಡುವುದು, ಆ ಬಿಡುವಿಕೆಯಿಂದ ಪರರಿಗೂ ತನಗೂ ಉಪಕಾರವಾಗುವುದು ಎಂಬುದು ಉಮಾಸ್ವಾಮಿ ಆಚಾರ್ಯರ ವಿವರಣೆಯ ತಾತ್ಪರ್ಯ. ಇಲ್ಲಿಯೇ ತೊಡಕು. ಒಂದು ಕೊಳಗ ರಾಗಿ ಕೊಟ್ಟರೆ ಕೊಟ್ಟವನ ಕಣಜದಲ್ಲಿ ಒಂದು ಕೊಳಗ ಕಡಮೆಯಾಗುತ್ತದೆ. ಸಂಕೇತವನ್ನು ಕೊಟ್ಟವನ ಬಳಿ ಸಂಕೇತ ಹಾಗೆಯೇ ಉಳಿಯುತ್ತದೆ. ಏನೂ ಕಳೆದುಕೊಳ್ಳದವನು ಏನನ್ನು ಬಿಟ್ಟಂತಾಯಿತು? ಶಾಸ್ತ್ರದಾನವನ್ನು ಕುರಿತೂ ಹೀಗೆ ಕೇಳಬಹುದಾಗಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯು ಓಲೆಗೂ ಲಿಪಿಕಾರರ ಕೂಲಿಗೂ ಹೊನ್ನನ್ನು ಸುರಿದಳು. ಅಲ್ಲಿ ವ್ಯಯ ಕಣ್ಣಿಗೆ ಕಾಣುತ್ತದೆ. ಇಂದು ಪ್ರತಿ ಮಾಡುವುದಕ್ಕೆ ಚಿಕ್ಕಾಸೂ ಬೇಡ. ಹಾಗಾದರೆ ಬಿಟ್ಟದ್ದೇನು? ನನಗೆ ತೋರುವಂತೆ ಬಿಟ್ಟದ್ದು ಒಂದು ಅಧಿಕಾರ, ಬೇರೆಯವರನ್ನು ತಡೆಯುವ ಅಧಿಕಾರ. ‘ಇದು ನನ್ನದು, ನೀನು ಮುಟ್ಟಬೇಡ’ ಎನ್ನುವ ಬಲ ಪರಿಗ್ರಹದ ತಿರುಳು. ಪರಿಗ್ರಹವಿರುವುದು ವಸ್ತುವಿನಲ್ಲಿ ಅಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿ ಎಂದು ನಾವು ಕೇಳುತ್ತ ಬಂದಿದ್ದೇವೆ. ವಸ್ತು ಕೈಯಲ್ಲೇ ಉಳಿದು ಮೂರ್ಛೆ ಮಾತ್ರ ಹೋಗುವುದು ಅನ್ನದ ವಿಷಯದಲ್ಲಿ ಕಷ್ಟಸಾಧ್ಯ. ಜ್ಞಾನದ ವಿಷಯದಲ್ಲಿ ಸಾಧ್ಯ. ಆದುದರಿಂದ ಇದನ್ನು ದಾನವಲ್ಲವೆಂದು ತಳ್ಳಿಹಾಕಲಾಗದು.

ಜ್ಞಾನವನ್ನು ಪೆಟ್ಟಿಗೆಯಲ್ಲಿಟ್ಟು ಕಾಯ್ದ ಇತಿಹಾಸ ನಮ್ಮಲ್ಲೂ ಇದೆ; ಅದನ್ನು ಮರೆತು ಕಂಪನಿಗಳಿಗೆ ಬುದ್ಧಿ ಹೇಳುವುದು ಸಲ್ಲದು. ಧವಲಾ, ಜಯಧವಲಾ, ಮಹಾಧವಲಾ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಯಾತ್ರಿಕರಿಗೆ ಅವುಗಳ ದರ್ಶನ ದೊರೆಯುತ್ತಿತ್ತು, ಅಧ್ಯಯನ ದೊರೆಯುತ್ತಿರಲಿಲ್ಲ. ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದ ಶ್ರೇಷ್ಠಿಗಳ ಪ್ರಯತ್ನದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಪ್ರತಿ ಮಾತ್ರ ಊರ ಹೊರಗೆ ಹೋಗಕೂಡದೆಂಬ ನಿರ್ಬಂಧವಿತ್ತು. ಆ ಕೆಲಸಕ್ಕೆ ನಿಯುಕ್ತರಾದ ವಿದ್ವಾಂಸರೊಬ್ಬರು ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದ ಪ್ರತಿಗೆ ಪ್ರತಿ ಹುಟ್ಟಿತು. ಅದರ ಆಧಾರದಿಂದ ಡಾ. ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಮುದ್ರಿಸಿದರು.

ಗುಟ್ಟಾಗಿ ಪ್ರತಿ ಮಾಡಿದ್ದು ಅಚೌರ್ಯವ್ರತಕ್ಕೆ ಸಲ್ಲುತ್ತದೆಯೆ? ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಚೌರ್ಯವೇ. ಆದರೆ ತೆಗೆದುಕೊಂಡ ಮೇಲೂ ಪೆಟ್ಟಿಗೆ ಬರಿದಾಗಲಿಲ್ಲ, ಜಗತ್ತಿನ ಅಧ್ಯಯನ ತುಂಬಿತು. ಈ ಪ್ರಶ್ನೆಯಲ್ಲಿ ನನ್ನ ಮನಸ್ಸು ಇಂದಿಗೂ ಎರಡಾಗಿದೆ, ಅದನ್ನು ಒಂದಾಗಿಸಿ ತೋರುವ ಹಟ ನನಗಿಲ್ಲ. ಮುಂದೆ ನಡೆದದ್ದು ಇನ್ನೂ ಮುಖ್ಯ. ಮುದ್ರಣ ಆರಂಭವಾದ ಬಳಿಕ ಮೂಡಬಿದಿರೆಯವರೇ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಲು ಸಹಕರಿಸಿದರು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಇರಬೇಕೆ ಬೇಡವೆ ಎಂದು ವಿದ್ವಾಂಸರಲ್ಲಿ ದೊಡ್ಡ ವಾದವೆದ್ದಿತು. ಪ್ರತಿಯ ಪ್ರತಿಗಳಲ್ಲಿ ಅದು ಬಿಟ್ಟುಹೋಗಿತ್ತು, ಮೂಲ ಓಲೆಯಲ್ಲಿ ಅದು ಇತ್ತು. ಪೆಟ್ಟಿಗೆ ತೆರೆಯದಿದ್ದರೆ ಈ ವಾದವೂ ಹುಟ್ಟುತ್ತಿರಲಿಲ್ಲ, ತಪ್ಪೂ ತಿಳಿಯುತ್ತಿರಲಿಲ್ಲ. ಮುಕ್ತ ತಂತ್ರಾಂಶದವರು ಹೇಳುವುದೂ ಇದನ್ನೇ. ಓದುವ ಕಣ್ಣುಗಳು ಹೆಚ್ಚಿದಷ್ಟೂ ದೋಷ ಬೇಗ ಸಿಕ್ಕುತ್ತದೆ ಎಂದು ಅವರು ನಂಬುತ್ತಾರೆ. ಕಾಯ್ದಿಟ್ಟವರಿಗೂ ನಾವು ಋಣಿಗಳು ಎಂಬುದನ್ನು ಸೇರಿಸಬೇಕು. ಅವರು ಕಾಯದಿದ್ದರೆ ತೆರೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಇನ್ನು ಉದ್ದೇಶದ ಪ್ರಶ್ನೆ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯು 1985ರಿಂದ 1994ರವರೆಗೆ ಮುದ್ರಿತ ಪುಟದ ಚಿತ್ರವನ್ನು ಅಕ್ಷರವಾಗಿ ಓದುವ ಟೆಸರಾಕ್ಟ್ ಎಂಬ ತಂತ್ರಾಂಶವನ್ನು ಬೆಳೆಸಿತು. ಬಳಿಕ ಆ ವ್ಯವಹಾರದಿಂದಲೇ ಹಿಂದೆ ಸರಿಯಿತು. ಸಂಕೇತ ಹತ್ತು ವರ್ಷ ಮೂಲೆಯಲ್ಲಿತ್ತು. 2005ರಲ್ಲಿ ಅದನ್ನು ಲೋಕಕ್ಕೆ ಬಿಟ್ಟರು. ಮರುವರ್ಷದಿಂದ ಗೂಗಲ್ ಸಂಸ್ಥೆ ಅದನ್ನು ಪೋಷಿಸಿತು, ಮುಂದಿನ ವರ್ಷಗಳಲ್ಲಿ ಅದು ಕನ್ನಡ ಲಿಪಿಯನ್ನೂ ಓದಲು ಕಲಿಯಿತು. ಕೊಟ್ಟವರಿಗೆ ಬೇಡವಾದ ವಸ್ತು ಅದು. ಅತಿಥಿಗೆ ಪಾತ್ರೆಯ ತಳ ಬಳಿದು ಬಡಿಸುವುದನ್ನು ಆಹಾರದಾನವೆನ್ನುವುದಿಲ್ಲ. ತಾನು ಉಣ್ಣಲು ಸಿದ್ಧಪಡಿಸಿದ್ದರಲ್ಲೇ ಪಾಲು ಕೊಡಬೇಕು. ಆ ಅಳತೆಯಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನವರಿಗೆ ದಾನದ ಪುಣ್ಯ ಸಂದಿತೋ ಇಲ್ಲವೋ, ಹಳೆಯ ಕನ್ನಡ ಪುಸ್ತಕವೊಂದನ್ನು ಗಣಕಕ್ಕೆ ಓದಿಸುವ ವಿದ್ಯಾರ್ಥಿಗೆ ಮಾತ್ರ ಉಪಕಾರ ಸಂದಿದೆ. ನೆಟ್‌ಸ್ಕೇಪ್ ಕೂಡ ಮೈಕ್ರೋಸಾಫ್ಟ್‌ನ ಪೈಪೋಟಿಯಿಂದ ಕಂಗೆಟ್ಟು ಸಂಕೇತ ಕೊಟ್ಟಿತೇ ಹೊರತು ವೈರಾಗ್ಯದಿಂದ ಅಲ್ಲ. ಆದರೂ ಅದರಿಂದ ಹುಟ್ಟಿದ ಫೈರ್‌ಫಾಕ್ಸ್ ಜಾಲವೀಕ್ಷಕವನ್ನು ಸ್ವಯಂಸೇವಕರು ಕನ್ನಡಕ್ಕೆ ತಂದರು. ಇನ್ಫೋಸಿಸ್‌ಗೂ ಲೆಕ್ಕಾಚಾರವಿದೆ. ಅದು ಮಾರುವುದು ಮುಖ್ಯವಾಗಿ ಸೇವೆಯನ್ನು. ಪರೀಕ್ಷಾಸಾಧನ ಎಲ್ಲರ ಕೈ ಸೇರಿದರೆ ಅದನ್ನು ಅಳವಡಿಸಿಕೊಡಿ ಎಂದು ಕೇಳುವ ಗ್ರಾಹಕರು ಹೆಚ್ಚುತ್ತಾರೆ. ಇದರಲ್ಲಿ ಅಪರಾಧವೇನೂ ಇಲ್ಲ. ನ್ಯಾಯವಾದ ವ್ಯಾಪಾರ ಶ್ರಾವಕನಿಗೆ ಎಂದೂ ನಿಷಿದ್ಧವಾಗಿಲ್ಲ. ವ್ಯಾಪಾರವನ್ನು ದಾನವೆಂದು ಸಾರಿದಾಗ ಮಾತ್ರ ಸತ್ಯಕ್ಕೆ ಕುಂದು ಬರುತ್ತದೆ.

ಉಚಿತವಾಗಿ ಕೊಡುವುದು ಬೇರೆ, ಮುಕ್ತವಾಗಿ ಕೊಡುವುದು ಬೇರೆ ಎಂಬ ವಿವೇಕವನ್ನು ಗುಂಡ್ಲುಪೇಟೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಮುಂಗಾರಿನ ಕಾಲದಲ್ಲಿ ಊಟಿಯ ಹೆದ್ದಾರಿಯ ಇಕ್ಕೆಲದಲ್ಲಿ ಚೆಂಡು ಹೂವಿನ ಹೊಲಗಳು ಹಳದಿ ಹಾಸುತ್ತವೆ. ಕೇರಳದಿಂದ ಬರುವವರು ಕಾರು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತಾರೆ. ಈ ಹೂ ಬಹುಪಾಲು ಮುಡಿಯುವುದಕ್ಕಲ್ಲ, ಬಣ್ಣ ತೆಗೆಯುವುದಕ್ಕೆ. ಆ ಬಣ್ಣ ಕೋಳಿಯ ಆಹಾರಕ್ಕೂ ಸೇರುತ್ತದೆ. ಕಂಪನಿಯವರು ಒಪ್ಪಂದ ಮಾಡಿಕೊಂಡು ಬೀಜ ಕೊಡುತ್ತಾರೆ, ಗೊತ್ತುಪಡಿಸಿದ ಬೆಲೆಗೆ ಹೂ ಕೊಳ್ಳುತ್ತಾರೆ. ಬೀಜಕ್ಕೆ ಕೈಯಿಂದ ಹಣ ಹಾಕದಿದ್ದರೂ ಅದು ರೈತನದಲ್ಲ: ಅದು ಮಿಶ್ರತಳಿ, ಅದರ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಬೆಳೆ ಬಾರದು. ಪಕ್ಕದ ಹೊಲದ ಅರಿಶಿನದ ರೀತಿಯೇ ಬೇರೆ. ಕಳೆದ ವರ್ಷದ ಬೆಳೆಯಲ್ಲಿ ಒಳ್ಳೆಯ ಗೆಡ್ಡೆಗಳನ್ನು ಆರಿಸಿ ಬಿತ್ತನೆಗೆ ಇಟ್ಟುಕೊಳ್ಳಬಹುದು, ನೆಂಟರಿಗೆ ಕೊಡಬಹುದು, ಯಾರ ಅಪ್ಪಣೆಯೂ ಬೇಡ. ಬೆಳೆದದ್ದನ್ನು ಈರೋಡಿನ ಮಾರುಕಟ್ಟೆಗೆ ಒಯ್ದು ಮಾರಲೂಬಹುದು. ಮುಕ್ತವಾದ ವಸ್ತುವಿನಿಂದ ವ್ಯಾಪಾರ ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷಿ ಬೇಕಿಲ್ಲ.

ತಂತ್ರಾಂಶದಲ್ಲಿಯೂ ಚೆಂಡು ಹೂವಿನ ಬೀಜದಂಥವು ಇವೆ, ಅರಿಶಿನದ ಗೆಡ್ಡೆಯಂಥವೂ ಇವೆ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ಬಹುಕಾಲ ಬೆಲೆಯಿಲ್ಲದೆ ದೊರೆತು ಕನ್ನಡಿಗರಿಗೆ ಮಹದುಪಕಾರ ಮಾಡಿತು. ಅದರ ಆಕರ ಸಂಕೇತ ಮಾತ್ರ ಅವರದಾಗಿಯೇ ಇತ್ತು, ಮುಂದಿನ ಆವೃತ್ತಿಗಳಿಗೆ ಬೆಲೆ ಬಂದಿತು. ಅದು ಅವರ ಹಕ್ಕು, ಆಕ್ಷೇಪಿಸುವಂತಿಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ ಇನ್ನೊಂದು ಬಗೆಯದು. ಅದನ್ನು ಅವರು ಯಾವ ಕಟ್ಟೂ ಹಾಕದೆ ಕೊಟ್ಟುಬಿಟ್ಟರು; ಯಾರು ಬೇಕಾದರೂ ತಮ್ಮ ತಂತ್ರಾಂಶದಲ್ಲಿ ಸೇರಿಸಿಕೊಂಡರು, ಕರ್ನಾಟಕ ಸರ್ಕಾರ ಅದನ್ನೇ ಮಾನಕವಾಗಿ ಅಂಗೀಕರಿಸಿತು. ಇಂದು ಕನ್ನಡವನ್ನು ಗಣಕದಲ್ಲಿ ಮೂಡಿಸುವ ಅಸಂಖ್ಯ ಬೆರಳುಗಳು ಆ ವಿನ್ಯಾಸದ ಮೇಲೆ ಆಡುತ್ತವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಕೊಟ್ಟವರ ಹೆಸರು ತಿಳಿಯದು.

ಅರಿಶಿನದ ಮಾತು ಬಂದಾಗ ಇನ್ನೊಂದು ಘಟನೆಯನ್ನು ನೆನೆಯಬೇಕು. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ಮಾಯಿಸಲು ಅರಿಶಿನ ಬಳಸುವ ಕ್ರಮದ ಮೇಲೆ ಸ್ವಾಮ್ಯಪತ್ರ ದೊರೆಯಿತು. ಗಾಯಕ್ಕೆ ಅರಿಶಿನ ಹಚ್ಚುವುದನ್ನು ಚಾಮರಾಜನಗರದ ಯಾವ ಅಜ್ಜಿಯಾದರೂ ಹೇಳಿಕೊಡುತ್ತಿದ್ದಳು. ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಇದನ್ನು ಪ್ರಶ್ನಿಸಿತು. 1997ರಲ್ಲಿ ಆ ಸ್ವಾಮ್ಯ ರದ್ದಾಯಿತು. ಗೆದ್ದದ್ದು ಅಜ್ಜಿಯ ಮಾತಿನಿಂದಲ್ಲ, ಹಳೆಯ ಗ್ರಂಥಗಳ ಹಾಗೂ ಪತ್ರಿಕೆಗಳ ಲಿಖಿತ ಆಧಾರದಿಂದ. ಎಲ್ಲರದೂ ಆದದ್ದನ್ನು ಯಾರೋ ಬೇಲಿ ಹಾಕಿ ತನ್ನದೆನ್ನದಂತೆ ನೋಡಿಕೊಳ್ಳಬೇಕಾದರೆ ಅದು ಎಲ್ಲರದೆಂದು ಬರೆದಿಡಲೇಬೇಕು. ಮುಕ್ತ ತಂತ್ರಾಂಶದ ಪರವಾನಗಿ ಪತ್ರಗಳು ಮಾಡುವುದು ಆ ಕೆಲಸವನ್ನೇ. ಸ್ಟಾಲ್ಮನ್ನನ ಪತ್ರದ ಷರತ್ತಿನಂತೆ, ಪಡೆದವನು ತಿದ್ದಿ ಬೆಳೆಸಿ ಇತರರಿಗೆ ಕೊಟ್ಟಾಗ ತನ್ನ ಬೆಳವಣಿಗೆಯನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಪಡೆದದ್ದಕ್ಕೆ ಬೀಗ ಹಾಕುವಂತಿಲ್ಲ. ಬೇರೆ ಕೆಲವು ಪತ್ರಗಳು ಯಾವ ಷರತ್ತನ್ನೂ ಹೇರುವುದಿಲ್ಲ. ಯಾವುದು ಮೇಲು? ಷರತ್ತಿಲ್ಲದ ದಾನ ನಿರ್ಮಲವೆಂದು ತೋರುತ್ತದೆ. ಆದರೆ ಬಲಾಢ್ಯನು ಎತ್ತಿಕೊಂಡು ಬೇಲಿ ಹಾಕಿದರೆ ದುರ್ಬಲನಿಗೆ ಉಳಿಯುವುದೇನು? ನಾನು ಷರತ್ತಿನ ಪಕ್ಷ.

ನಮ್ಮ ಪೂರ್ವಿಕರೂ ಅದೇ ಪಕ್ಷ. ಚಾಮರಾಜನಗರದ ಪಾರ್ಶ್ವನಾಥ ಬಸದಿಯು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಕಟ್ಟಿಸಿದ್ದು. ಅಲ್ಲಿಯ ಶಾಸನ 1117ರದು. ಅದೂ ಸೇರಿದಂತೆ ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚು ಹಾಕಿಸಿದರು. ಯಾವ ಭೂಮಿ, ಎಲ್ಲಿಂದ ಎಲ್ಲಿಯವರೆಗೆ, ಯಾರು ಯಾರಿಗೆ ಏತಕ್ಕೆ ಬಿಟ್ಟರು ಎಂಬುದನ್ನು ದಾನಶಾಸನಗಳು ಬಯಲಿನಲ್ಲಿ ನಿಂತು ಹೇಳುತ್ತವೆ. ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪಾಶಯ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಹಿಂದೆ ತೆಗೆದುಕೊಂಡವನಿಗೆ ಅದು ತಟ್ಟುತ್ತದೆ. ಕೊಟ್ಟವನೇ ಮೊದಲ ಶಂಕಿತನೆಂಬ ಲೋಕಾನುಭವ ಅದರಲ್ಲಿದೆ! ತಂತ್ರಾಂಶ ಲೋಕದಲ್ಲೂ ಇದು ನಡೆಯುತ್ತದೆ. 2023ರ ಆಗಸ್ಟಿನಲ್ಲಿ ಅಮೆರಿಕದ ಹ್ಯಾಶಿಕಾರ್ಪ್ ಸಂಸ್ಥೆಯು ವರ್ಷಗಳಿಂದ ಮುಕ್ತವಾಗಿದ್ದ ತನ್ನ ಟೆರಾಫಾರ್ಮ್ ತಂತ್ರಾಂಶಕ್ಕೆ ಹೊಸ ನಿರ್ಬಂಧದ ಪರವಾನಗಿಯನ್ನು ಹೊದಿಸಿತು. ಆದರೆ ಹಿಂದೆ ಕೊಟ್ಟದ್ದನ್ನು ಹಿಂಪಡೆಯಲು ಅದಕ್ಕೆ ಸಾಧ್ಯವಾಗಲಿಲ್ಲ. ಹಳೆಯ ಸಂಕೇತವನ್ನು ಎತ್ತಿಕೊಂಡು ಬಳಕೆದಾರರೇ ಓಪನ್‌ಟೋಫು ಎಂಬ ಹೆಸರಿನಲ್ಲಿ ಮುಂದುವರಿಸಿದರು. ಶಾಪಕ್ಕಿಂತ ಗಟ್ಟಿಯಾದ ಏರ್ಪಾಡು ಎನ್ನಬೇಕು.

ಈಗ ‘ಒಂದಿಷ್ಟು’ ಎಂಬ ಮಾತಿಗೆ ಬರೋಣ. ಮುನಿಗಳು ಎಲ್ಲವನ್ನೂ ಬಿಡುತ್ತಾರೆ. ಗೃಹಸ್ಥನು ಇಷ್ಟು ಭೂಮಿ, ಇಷ್ಟು ಹೊನ್ನು, ಇಷ್ಟು ಧಾನ್ಯ ಎಂದು ಗೆರೆ ಎಳೆದುಕೊಂಡು ಅದರಾಚೆಯದನ್ನು ಬಿಡುತ್ತಾನೆ. ಅಂಶತಃ ಬಿಟ್ಟಿದ್ದರಿಂದ ಅಣುವ್ರತ ಹಾಸ್ಯಾಸ್ಪದವಾಗುವುದಿಲ್ಲ. ಕಂಪನಿಗಳಿಂದ ಮಹಾವ್ರತವನ್ನು ಯಾರೂ ನಿರೀಕ್ಷಿಸಲಾರರು. ಸಾವಿರಾರು ಜನರ ಸಂಬಳ ನಡೆಯಬೇಕು, ಹಣ ಹೂಡಿದವರಿಗೆ ಲೆಕ್ಕ ಒಪ್ಪಿಸಬೇಕು. ಆದರೆ ಅಣುವ್ರತದಲ್ಲಿ ಗೆರೆ ಮೊದಲೇ ಬೀಳಬೇಕು, ಬಿದ್ದ ಜಾಗವನ್ನು ಮರೆಮಾಚಬಾರದು. ಜತೆಗೆ ಗೆರೆಯ ಈಚೆಗೆ ಉಳಿಸಿಕೊಂಡದ್ದು ನಿಜವಾಗಿ ತನ್ನದಾಗಿರಬೇಕು. ಪರರದನ್ನು ತನ್ನ ಪರಿಮಾಣದೊಳಗೆ ಎಣಿಸಿಕೊಳ್ಳುವಂತಿಲ್ಲ.

ಈ ಕೊನೆಯ ಮಾತು ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಬ್ಯಾಂಕುಗಳಿಗೆ ಮಾರುವ ಫಿನಾಕಲ್ ಸಂಕೇತವನ್ನು ಇನ್ಫೋಸಿಸ್ ಇಟ್ಟುಕೊಂಡರೆ ನಾನು ದೂರುವುದಿಲ್ಲ; ಅದು ಅವರ ದುಡಿಮೆ, ಅವರ ಬಂಡವಾಳ. ಆದರೆ ಪ್ರಜೆಗಳ ಹಣದಲ್ಲಿ, ಪ್ರಜೆಗಳನ್ನು ಕಟ್ಟುವುದಕ್ಕಾಗಿ ಬರೆದ ಸಂಕೇತವಿದೆ. ಆದಾಯ ತೆರಿಗೆಯ ಹೊಸ ವ್ಯವಸ್ಥೆಗೆ ಕೇಂದ್ರ ಸಚಿವ ಸಂಪುಟವು 2019ರಲ್ಲಿ ಸುಮಾರು 4,242 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು, ಕೆಲಸ ಇನ್ಫೋಸಿಸ್‌ಗೆ ಹೋಯಿತು. 2021ರ ಜೂನ್‌ನಲ್ಲಿ ಅದು ತೆರೆದಾಗ ತೆರಿಗೆದಾರರು ಪಟ್ಟ ಪಾಡು, ಆಗಸ್ಟಿನಲ್ಲಿ ಹಣಕಾಸು ಸಚಿವಾಲಯವು ಸಂಸ್ಥೆಯ ಮುಖ್ಯಸ್ಥರನ್ನು ಕರೆಸಿ ಕೇಳಿದ್ದು ಎಲ್ಲರಿಗೂ ತಿಳಿದದ್ದೇ. ದೋಷ ಯಾರದೆಂದು ಹೊರಗಿನವರು ನೋಡಿ ಹೇಳುವಂತಿರಲಿಲ್ಲ, ಓಲೆ ಪೆಟ್ಟಿಗೆಯಲ್ಲಿತ್ತು. ಇದರಲ್ಲಿ ಕಂಪನಿಗಿಂತ ಸರ್ಕಾರದ ಹೊಣೆಯೇ ಹೆಚ್ಚು. ಸರ್ಕಾರಿ ತಂತ್ರಾಂಶಗಳ ಆಕರ ಸಂಕೇತವನ್ನು ತೆರೆಯುವ ನೀತಿಯನ್ನು ಭಾರತ ಸರ್ಕಾರವೇ 2015ರಲ್ಲಿ ಪ್ರಕಟಿಸಿದೆ. 2020ರಲ್ಲಿ ಮಹಾಮಾರಿಯ ಕಾಲದಲ್ಲಿ ಆರೋಗ್ಯ ಸೇತುವಿನ ಸಂಕೇತವನ್ನು ತೆರೆಯಬೇಕೆಂದು ಒತ್ತಾಯ ಬಂದಾಗ ಮೇ 26ರಂದು ತೆರೆದದ್ದು ಜನರ ಮೊಬೈಲ್‌ನಲ್ಲಿ ಕೂರುವ ಭಾಗವನ್ನು. ಅವರ ವಿವರ ಹೋಗಿ ಸೇರುವ ಕೇಂದ್ರದ ಭಾಗವನ್ನು ಅಂದು ತೆರೆಯಲಿಲ್ಲ. ಗೆರೆ ಎಲ್ಲಿ ಬಿತ್ತೆಂದು ನೋಡಬೇಕೆನ್ನುವುದು ಇದಕ್ಕೇ.

ಭೂಮಿ ಯೋಜನೆಯನ್ನು ತೆಗೆದುಕೊಳ್ಳಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಶ್ಯಾನುಭೋಗರ, ಗ್ರಾಮಲೆಕ್ಕಿಗರ ದಯೆಗಾಗಿ ಕಾಯುವುದು ತಪ್ಪಿತು, ಇದು ದೊಡ್ಡ ಲಾಭ, ಅಲ್ಲಗಳೆಯಲಾಗದು. ಆದರೆ ಗುಂಡ್ಲುಪೇಟೆಯ ರೈತನೊಬ್ಬನ ಸರ್ವೆ ನಂಬರು ಹೀಗೇಕೆ ಒಡೆಯಿತು, ಹಿಸ್ಸೆ ಹೀಗೇಕೆ ಕೂಡಿತು ಎಂಬುದಕ್ಕೆ ಉತ್ತರ ಆ ಸಂಕೇತದಲ್ಲಿ ಇರಬಹುದು, ಗುಮಾಸ್ತನಿಗೂ ಅದು ಕಾಣದು. ‘ಸಿಸ್ಟಂನಲ್ಲಿ ಹಾಗೇ ಬರುತ್ತದೆ’ ಎಂಬ ಉತ್ತರವನ್ನು ಕೇಳದವರು ವಿರಳ. ಒಂಬೈನೂರು ವರ್ಷದ ಹಿಂದಿನ ಭೂದಾನದ ಕಲ್ಲು ತನ್ನ ಕಾರಣವನ್ನು ತಾನೇ ಹೇಳುತ್ತಿತ್ತು. ಪಡಿತರದ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ನಿಂತ ಮುದುಕಿಗೆ, ಕಳೆ ಕಿತ್ತು ಗೆಡ್ಡೆ ಅಗೆದು ರೇಖೆ ಸವೆದ ಆ ಬೆರಳನ್ನು ಯಂತ್ರ ಏಕೆ ಒಪ್ಪಲಿಲ್ಲವೆಂದು ಹೇಳುವವರು ಯಾರು? ಇಲ್ಲೊಂದು ವಿಚಿತ್ರವಿದೆ. ಆಧಾರ್‌ನ ಸಂಕೇತ ಮುಚ್ಚಿದೆ. ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಆರಂಭವಾದ ಮೋಸಿಪ್ ಎಂಬ ಗುರುತಿನ ವ್ಯವಸ್ಥೆಯ ಸಂಕೇತ ಪೂರ್ತಿ ಮುಕ್ತ. ಅದನ್ನು ಫಿಲಿಪ್ಪೀನ್ಸ್, ಇಥಿಯೋಪಿಯಾ ಮೊದಲಾದ ದೇಶಗಳು ತಮ್ಮ ಪ್ರಜೆಗಳಿಗಾಗಿ ತೆಗೆದುಕೊಂಡವು. ನಮ್ಮವರು ಬರೆದದ್ದನ್ನೇ ಆ ದೇಶಗಳ ವಿದ್ಯಾವಂತ ಓದಿ ಪರೀಕ್ಷಿಸಬಲ್ಲ. ತನ್ನ ಬೆರಳನ್ನು ತೂಗುವ ಸಂಕೇತವನ್ನು ಗುಂಡ್ಲುಪೇಟೆಯವನು ಓದಲಾರ.

ಕೊಡುವವರ ಮಾತಾಯಿತು, ಪಡೆಯುವವರ ಕರ್ತವ್ಯವನ್ನೂ ಹೇಳದಿದ್ದರೆ ಪ್ರಾಮಾಣಿಕವಾಗದು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಮುಕ್ತ ತಂತ್ರಾಂಶದಲ್ಲಿ ಒಂದು ದೋಷ ಕಂಡುಬಂದು ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ನಿದ್ದೆಗೆಟ್ಟವು. ಅವುಗಳೆಲ್ಲ ನೆಚ್ಚಿಕೊಂಡಿದ್ದ ಆ ಸಂಕೇತವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಸ್ವಯಂಸೇವಕರು. ಕೆರೆಯ ನೀರು ಎಲ್ಲರಿಗೂ ಬೇಕು, ಹೂಳೆತ್ತುವ ದಿನ ಮಾತ್ರ ಯಾರೂ ಇಲ್ಲ. ಬೆಂಗಳೂರಿನ ಜೆರೋಧಾ ಸಂಸ್ಥೆಯು 2024ರಲ್ಲಿ ಇಂತಹ ತಂತ್ರಾಂಶಗಳನ್ನು ಕಾಪಾಡುವವರಿಗಾಗಿ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳ ನಿಧಿಯನ್ನು ಘೋಷಿಸಿತು. ತಾನು ಉಂಡ ಅನ್ನದ ಋಣವನ್ನು ಅದು ನೆನೆದಿದೆ. ಅದೇ ಸಂಸ್ಥೆಯ ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ 2019ರಲ್ಲಿ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಮುಕ್ತವಾಗಿ ಹೊರಬಂದಿತು. ಅದನ್ನು ಸಂಕಲಿಸಿದವರು ವಿ. ಕೃಷ್ಣ ಎಂಬ ಒಬ್ಬರೇ ವ್ಯಕ್ತಿ, ನಾಲ್ಕು ದಶಕಗಳ ದುಡಿಮೆ, ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳು. ಪಾತ್ರೆಯ ತಳದ್ದಲ್ಲ ಅದು, ಜೀವಮಾನದ ಗಳಿಕೆ. ಅದನ್ನು ಬಿಟ್ಟುಕೊಟ್ಟವರಿಗೆ ಉದ್ದೇಶದ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ.

ಇನ್ಫೋಸಿಸ್ ಕೊಟ್ಟ ಸಾಧನಗಳು ತೆರೆದೇ ಇವೆ, ಆದರೆ ಅದರ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ತೆರೆದ ಪೆಟ್ಟಿಗೆಯ ಮುಂದೆ ಲಿಪಿ ತಿಳಿಯದೆ ನಿಂತ ಯಾತ್ರಿಕನ ಹಾಗೆ ನಮ್ಮ ಹುಡುಗರು ದರ್ಶನ ಮಾಡಿ ಹಿಂದಿರುಗಬಾರದು. ಚಾಮರಾಜನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಗುಂಡ್ಲುಪೇಟೆಯಲ್ಲಿ ಪದವಿ ಕಾಲೇಜಿದೆ. ಅಲ್ಲಿಯ ಅಧ್ಯಾಪಕರಲ್ಲಿ ಒಬ್ಬಿಬ್ಬರು ಆ ಸಂಕೇತವನ್ನು ಪಠ್ಯದಂತೆ ಮುಂದಿಟ್ಟು ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸಬಹುದು. ಯಂತ್ರದ ಪಕ್ಷಪಾತವನ್ನು ಅಳೆಯುವ ಆ ಸಾಧನ ನಮ್ಮ ಸೀಮೆಯ ಕನ್ನಡವನ್ನು, ಸೋಲಿಗರ ನುಡಿಯನ್ನು ಹೇಗೆ ತೂಗುತ್ತದೆಂದು ಪರೀಕ್ಷಿಸಿ, ಕೊರತೆ ಕಂಡರೆ ಬರೆದು ಕಳುಹಿಸಬಹುದು. ಅದಕ್ಕೆ ಮೈಸೂರಿನ ಆವರಣದ ಕಾವಲುಗಾರನ ಅಪ್ಪಣೆ ಬೇಕಿಲ್ಲ. ಒಂದು ಗಣಕ, ಒಂದು ಸಂಪರ್ಕ, ವಾರಕ್ಕೆ ಎರಡು ಗಂಟೆಯ ಬಿಡುವು ಸಾಕು.